ಬ್ರೂಜಿನಲ್ಲೊಂದು ಹಸಿರು ಕೊಡೆ

ಶಿರಾಳಕೊಪ್ಪದ ಬೀಜದಂಗಡಿ ಗಂಗಾಧರಪ್ಪ ಯುರೋಪಿಗೆ ಹೋಗಿ ಬಂದದ್ದು ಸುಳ್ಳಲ್ಲ. ಬೆಲ್ಜಿಯಂ ದೇಶದ ಬ್ರೂಜ್ ಎಂಬ ಹಳೇ ಪಟ್ಟಣದಲ್ಲಿ ಒಂದಿಡೀ ದಿನ ಮಳೆಯಲ್ಲಿ ನೆಂದದ್ದೂ ಸುಳ್ಳಲ್ಲ. ಆ ಊರಿನ ಬಗ್ಗೆ ಬಂದಮೇಲೆ ಹೇಳಿದ್ದಷ್ಟೇ ಸುಳ್ಳು. ಅದೂ ಪೂರ್ತಿ ಸುಳ್ಳೆಂದರೆ ತಪ್ಪಾದೀತು. ಮುಕ್ಕಾಲು ಪಾಲು ಜೊತೆಗೆ ಬಂದಿದ್ದ ಶಿಕಾರಿಪುರದ ಬೀಜದ ವ್ಯಾಪಾರಿ ಚನ್ನೇಶ್ ಕಣ್ಣಾರೆ ಕಂಡದ್ದು. ಉಳಿದ ಕಾಲು ಪಾಲಿಗೆ ಮಾತ್ರ ಗಂಗಾಧರಪ್ಪ ಹೊಣೆ.

ಬಿತ್ತನೆ ಬೀಜ ಮಾರುವವರ ಲೋಕದಲ್ಲಿ ಒಂದು ಪದ್ಧತಿ ಉಂಟು. ಕಂಪನಿ ಹೇಳಿದಷ್ಟು ಮೆಕ್ಕೆಜೋಳದ ಬೀಜ ಮಾರಿದರೆ ಗೋಡೆ ಗಡಿಯಾರ. ಇನ್ನಷ್ಟು ಮಾರಿದರೆ ಮಿಕ್ಸಿ. ಅದನ್ನೂ ಮೀರಿದರೆ ವಿಮಾನ. ಗಂಗಾಧರಪ್ಪನ ಮನೆಯಲ್ಲಿ ಆಗಲೇ ಒಂಬತ್ತು ಗಡಿಯಾರಗಳೂ ನಾಲ್ಕು ಮಿಕ್ಸಿಗಳೂ ಇದ್ದವು. ಗಡಿಯಾರಗಳು ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದುದರಿಂದ ಆ ಮನೆಯಲ್ಲಿ ಯಾರಿಗೂ ಯಾವುದಕ್ಕೂ ತಡವಾಗುತ್ತಿರಲಿಲ್ಲ. ಕೊನೆಗೊಂದು ಹಂಗಾಮಿನಲ್ಲಿ ವಿಮಾನವೇ ಬಂತು. ಹನ್ನೆರಡು ದಿನ, ಐದು ದೇಶ, ಅನ್ನ ಸಾರು ಮಾಡಲು ಜೊತೆಗೊಬ್ಬ ಅಡುಗೆಯವನು. ಆದರೆ ಟಿಕೆಟ್ಟು ಒಂದೇ. ಗಂಡ ಹೆಂಡತಿ ಇಬ್ಬರೂ ಹೋಗಬೇಕೆಂದರೆ ಇನ್ನೂ ಇನ್ನೂರು ಚೀಲ ಮಾರಬೇಕಿತ್ತು.

ಪ್ರವಾಸದ ಪಟ್ಟಿಯಲ್ಲಿ ಒಂಬತ್ತನೇ ದಿನದ ಎದುರು "ಬ್ರೂಜ್, ಬೆಳಿಗ್ಗೆ ಹೋಗಿ ಸಂಜೆ ವಾಪಸ್" ಎಂದು ಇದ್ದದ್ದೇ ಎಲ್ಲಕ್ಕೂ ಮೂಲ. ಆ ಹೆಸರು ಆ ಮನೆಗೆ ಹೊಸದಲ್ಲ. ಅಡುಗೆಮನೆಯ ಗೋಡೆಯ ಮೇಲೆ ಇಪ್ಪತ್ತಾರು ವರ್ಷದ ಹಿಂದಿನ ಕ್ಯಾಲೆಂಡರಿನ ಒಂದು ಹಾಳೆ ಇತ್ತು. ಗಂಗಾಧರಪ್ಪನ ಹೆಂಡತಿ ಅಕ್ಕನಾಗಮ್ಮ ಮದುವೆಯಾಗಿ ಸೊರಬದಿಂದ ಬಂದ ವರ್ಷ ಯಾವುದೋ ಗೊಬ್ಬರದ ಕಂಪನಿ ಕೊಟ್ಟದ್ದು. ವರ್ಷ ಮುಗಿದ ಮೇಲೆ ಆಕೆ ತಾರೀಕುಗಳನ್ನು ಕತ್ತರಿಸಿ ಒಲೆಗೆ ಹಾಕಿ ಚಿತ್ರವನ್ನಷ್ಟೇ ಉಳಿಸಿಕೊಂಡಿದ್ದಳು. ಕೆಂಪು ಇಟ್ಟಿಗೆಯ ಮನೆಗಳು ನೀರಿಗೇ ಗೋಡೆ ಇಳಿಸಿಕೊಂಡು ನಿಂತಿವೆ. ನೀರಿನ ಮೇಲೊಂದು ಕಲ್ಲಿನ ಕಮಾನು ಸೇತುವೆ. ಪಕ್ಕದಲ್ಲಿ ನೀರಿಗೆ ಬಾಗಿದ ಮರ. ಸೇತುವೆಯ ಮೇಲೆ ಯಾರೂ ಇಲ್ಲ.

"ಯಾರೂ ಇಲ್ಲ ನೋಡಿ. ಯಾರೋ ಬರೋರಿದಾರೆ ಅಂತ ಊರಿಗೂರೇ ಕಾಯ್ತಾ ಇದ್ದಂಗಿದೆ," ಎಂದು ಅಕ್ಕನಾಗಮ್ಮ ಅನ್ನ ಕುದಿಯುವಾಗ ಆಗಾಗ ಹೇಳುವುದುಂಟು. ಇದು ಬ್ರೂಜ್ ಎಂದು ಕಂಡುಹಿಡಿದವನು ಸೊರಬದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದ ಆಕೆಯ ತಮ್ಮ ತೀರ್ಥೇಶ್. ಚಿತ್ರದ ಮೂಲೆಯಲ್ಲಿದ್ದ ಸಾಸಿವೆ ಕಾಳಿನಂಥ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿ, ಬೆಲ್ಜಿಯಂ ದೇಶದ ಬೆಳೆ, ವಾಯುಗುಣ, ಮುಖ್ಯ ನದಿಗಳನ್ನೂ ಹೇಳಿ ಹೋಗಿದ್ದ. ಬೆಳೆಯಲ್ಲಿ ಅಕ್ಕನಾಗಮ್ಮನಿಗೆ ಆಸಕ್ತಿ ಇರಲಿಲ್ಲ. ಆ ಸೇತುವೆಯ ಮೇಲೆ ಒಂದು ಸಲ ನಿಲ್ಲಬೇಕು ಎನ್ನುವುದಷ್ಟೇ ಅವಳ ಆಸೆ. ಇಪ್ಪತ್ತಾರು ವರ್ಷ ಅದನ್ನು ನೋಡುತ್ತಲೇ ರೊಟ್ಟಿ ಬಡಿದಿದ್ದಳು.

ಬಸ್‌ಸ್ಟ್ಯಾಂಡಿನಲ್ಲಿ ಗಂಡನ ಕೈಗೆ ಚಟ್ನಿಪುಡಿ ಡಬ್ಬಿ ಕೊಡುವಾಗ ಆಕೆ ನಗುನಗುತ್ತಲೇ ಹೇಳಿದಳು.

"ನೀವು ನೋಡಿದ್ರೆ ನಾ ನೋಡಿದಂಗೇ ಬಿಡಿ. ಆದ್ರೂ ಆ ಸೇತುವೆ ಮೇಲೆ ನಿಂತು ಒಂದು ವಿಡಿಯೋ ಕಾಲ್ ಮಾಡಿ. ಒಂದು ನಿಮಿಷ ಸಾಕು."

"ಒಂದ್ನಿಮಿಷ ಯಾಕೆ, ಹತ್ನಿಮಿಷ ಮಾಡ್ತೀನಿ," ಎಂದ ಗಂಗಾಧರಪ್ಪ. ಮಾತು ಕೊಡುವುದರಲ್ಲಿ ಅವನೆಂದೂ ಜಿಪುಣನಲ್ಲ.

ಒಂಬತ್ತನೇ ದಿನ ಬ್ರಸೆಲ್ಸಿನಿಂದ ಹೊರಟ ಬಸ್ಸು ಬ್ರೂಜ್ ಮುಟ್ಟುವಷ್ಟರಲ್ಲಿ ಮಳೆ ಹಿಡಿದಿತ್ತು. ನಮ್ಮ ಕಡೆಯದರಂತೆ ಗುಡುಗಿ, ಹೆದರಿಸಿ, ಸುರಿದು ಹೋಗುವ ಮಳೆಯಲ್ಲ. ಬಂದ ಕೆಲಸ ಹೇಳದೆ ಜಗಲಿಯ ಮೇಲೆ ಕೂತೇ ಇರುವ ನೆಂಟನಂಥ ಮಳೆ. ಬಸ್ಸಿನಲ್ಲಿದ್ದ ಮೂವತ್ತೆರಡು ಜನ ಬೀಜದ ವ್ಯಾಪಾರಿಗಳೂ ಕಿಟಕಿಗೆ ಮೂಗು ಒತ್ತಿ ನೋಡಿ ನೊಂದುಕೊಂಡರು.

"ಎಂಥಾ ಹದಾ ಮಳೆ ಬಂದೈತೆ, ಒಬ್ಬನಾರ ಕೂರಿಗೆ ಹೂಡ್ಯಾನೇನ್ರೀ!" ಎಂದ ಚನ್ನೇಶ್.

ಇಳಿಯುವಾಗ ಕಂಪನಿಯವರು ತಲೆಗೊಂದು ಕೊಡೆ ಕೊಟ್ಟರು. ಎಲ್ಲವೂ ಹಸಿರು, ಅಂಚು ಹಳದಿ. ಮುಂದೆ ಗೈಡು ಅಂಥದೇ ಕೊಡೆ ಎತ್ತಿ ಹಿಡಿದಿದ್ದ. ಗಂಗಾಧರಪ್ಪನ ಮುಗ್ಧ ಸ್ವಭಾವ ಬಲ್ಲ ಚನ್ನೇಶ್ ಅವನ ಕಿವಿಯಲ್ಲಿ ಹೇಳಿದ, "ಗಂಗಣ್ಣ, ಎಲ್ಲಿ ಬೇಕಾದಲ್ಲಿ ನೋಡ್ಕೋಂತ ನಿಂದರಬ್ಯಾಡ್ರಿ. ಕೊಡೆ ಹಿಂದೇ ಬರ್ರಿ. ಕೊಡೆ ತಪ್ತು ಅಂದ್ರೆ ದೇಶ ತಪ್ತು."

ಯಾರ ಮಾತನ್ನೂ ಪೂರ್ತಿ ಕೇಳದ ಗಂಗಾಧರಪ್ಪ ಇದೊಂದನ್ನು ಶಿರಸಾವಹಿಸಿ ಪಾಲಿಸಿದ. ಹೊಸ ಬೂಟಿನ ಲೇಸು ಬಿಚ್ಚಿತೆಂದು ಒಂದೇ ಒಂದು ಸಲ ಬಗ್ಗಿ ಕಟ್ಟಿ ಎದ್ದ. ಅಷ್ಟರಲ್ಲಿ ಕೊಡೆಗಳೆಲ್ಲ ಮಾಯವಾಗಿ ದೂರದಲ್ಲಿ ಒಂದೇ ಹಸಿರು ಕೊಡೆ ಹೋಗುತ್ತಿತ್ತು. ಉಳಿದವರೆಲ್ಲ ಪಕ್ಕದ ಚಾಕೊಲೇಟ್ ಅಂಗಡಿಯೊಳಗೆ ನುಗ್ಗಿದ್ದು ಅವನಿಗೆ ಹೇಗೆ ಗೊತ್ತಾಗಬೇಕು? ಅವನು ಆ ಒಂದು ಕೊಡೆಯ ಹಿಂದೆ ಬಿದ್ದ. ಕೊಡೆ ಎಡಕ್ಕೆ ತಿರುಗಿದರೆ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ. ಎಂಟುನೂರು ವರ್ಷದ ಪಟ್ಟಣ ಅವನ ಎರಡೂ ಪಕ್ಕದಲ್ಲಿ ತನ್ನ ವೈಭವವನ್ನೆಲ್ಲ ತೋರಿಸಿಕೊಂಡು ನಿಂತಿತ್ತು. ಅವನು ಕಂಡದ್ದು ಕೊಡೆಯ ಹಸಿರು ಬೆನ್ನು ಮತ್ತು ಜಾರುವ ನೆಲಗಲ್ಲು. ಒಂದು ಕಡೆ ದಾರಿ ತುಸು ಏರಿ ಇಳಿಯಿತು. ಅದು ಸೇತುವೆ ಇದ್ದರೂ ಇದ್ದೀತು.

ಕೊನೆಗೆ ಕೊಡೆ ಒಂದು ಇಗರ್ಜಿಯ ಬಾಗಿಲಲ್ಲಿ ನಿಂತು ಮಡಚಿಕೊಂಡಿತು. ಕೆಳಗಿದ್ದದ್ದು ಗೈಡಲ್ಲ, ಕರಿ ಕೋಟು ತೊಟ್ಟ ಎತ್ತರದ ಹೆಂಗಸು. ಗಂಗಾಧರಪ್ಪ ಹಿಂದೆ ತಿರುಗಿದ. ಹಿಂದೆ ಕರಿ ಕೋಟಿನ ಜನ ಸಾಲಾಗಿ ಬರುತ್ತಿದ್ದರು. ಒಬ್ಬರು ಅವನ ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟು ಒಳಗೆ ಬಿಟ್ಟರು. ಇದೂ ಟೂರಿನೊಳಗೇ ಇರಬೇಕೆಂದು ಅವನು ಒಂದು ಬೆಂಚಿನ ಮೇಲೆ ಕೂತ. ಎದುರಿಗೆ, ಹೂವಿನ ರಾಶಿಯ ನಡುವೆ, ಉದ್ದನೆಯ ಮರದ ಪೆಟ್ಟಿಗೆ.

"ಶಿವ ಶಿವಾ," ಎಂದ ಗಂಗಾಧರಪ್ಪ.

ಬೇರೆ ಊರಿನವನಾಗಿದ್ದರೆ ಸದ್ದಿಲ್ಲದೆ ಎದ್ದು ಹೋಗುತ್ತಿದ್ದ. ಶಿರಾಳಕೊಪ್ಪದವನಿಗೆ ಆ ಸೌಕರ್ಯವಿಲ್ಲ. ಸಾವಿನ ಮನೆ ಹೊಕ್ಕಮೇಲೆ ಮಣ್ಣು ಕೊಡದೆ ಎದ್ದು ಬರುವುದುಂಟೆ? ಗೊತ್ತಿದ್ದು ಹೋಗಿರಲಿ, ಗೊತ್ತಿಲ್ಲದೆ ಹೋಗಿರಲಿ, ಮೂರು ಹಿಡಿ ಮಣ್ಣು ಹಾಕಿಯೇ ಬರಬೇಕು. ಬರುವಾಗ "ಹೋಗಿ ಬರ್ತೀನಿ" ಎನ್ನಬಾರದು. ಆ ಮನೆಯಲ್ಲಿ ನಿಂತು ಫೋನಿನಲ್ಲಿ ಹಲ್ಲು ಕಿರಿಯಬಾರದು. ಈ ಮೂರೂ ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ. ಅವನು ಕೂತ. ಎಲ್ಲರೂ ಎದ್ದಾಗ ಎದ್ದ. ಪೆಟ್ಟಿಗೆಯ ಹಿಂದೆ ಮಳೆಯಲ್ಲಿ ನಡೆದ.

ಗುಂಡಿಯ ಪಕ್ಕ ತನ್ನ ಸರದಿಗೆ ನಿಂತು ಮೊದಲ ಹಿಡಿ ಮಣ್ಣು ಎತ್ತಿಕೊಂಡಾಗಲೇ ಜೇಬಿನೊಳಗಿಂದ ಫೋನು "ರೈತ ಬಾಂಧವರೇ, ಬಂಪರ್ ಬೆಳೆಗಾಗಿ..." ಎಂದು ಕಂಪನಿಯ ಜಾಹೀರಾತು ಹಾಡಿತು. ಅಕ್ಕನಾಗಮ್ಮನ ವಿಡಿಯೋ ಕಾಲು. ಅವನು ಮಣ್ಣಿನ ಕೈಯಲ್ಲೇ ಕತ್ತರಿಸಿದ. ಎರಡನೇ ಹಿಡಿಗೆ ಮತ್ತೆ ಬಂತು. ಮೂರನೇ ಹಿಡಿಗೆ ಮತ್ತೂ ಬಂತು. ಮೂರು ಹಿಡಿ ಮಣ್ಣಿಗೆ ಮೂರು ಸಲ ಹೆಂಡತಿಯ ಫೋನು ಕತ್ತರಿಸಿದ ಗಂಡಸು ಆ ಸ್ಮಶಾನದಲ್ಲಿ ಅವನಿಗಿಂತ ಮೊದಲು ಬಂದಿರಲಿಕ್ಕಿಲ್ಲ.

ಆಮೇಲೆ ಎಲ್ಲರಿಗೂ ಕಾಫಿ, ಬ್ರೆಡ್ಡು ಕೊಟ್ಟರು. ಸತ್ತಾಕೆಯ ಗಂಡ, ತೊಂಬತ್ತರ ಹತ್ತಿರದ ಮುದುಕ, ಬಂದವರ ಕೈ ಹಿಡಿದು ಹಿಡಿದು ಬಿಡುತ್ತಿದ್ದ. ಗಂಗಾಧರಪ್ಪನ ಕೈ ಹಿಡಿದವನು ಬಿಡಲಿಲ್ಲ. ಇವನು ಎಲ್ಲಿಯವನು, ಯಾರು ಎಂದು ಕೇಳಲೂ ಇಲ್ಲ. ಪಕ್ಕದ ಕುರ್ಚಿಗೆ ಕೂರಿಸಿ, ಅಂಗೈಯಗಲದ ಒಂದು ಕಾರ್ಡು ಕೊಟ್ಟ. ಒಂದು ಕಡೆ ಆಕೆಯ ಫೋಟೋ, ಇನ್ನೊಂದು ಕಡೆ ಹೆಸರು, ಎರಡು ತಾರೀಕು, ತಿಳಿಯದ ಭಾಷೆಯ ನಾಲ್ಕು ಸಾಲು, ಮೂಲೆಯಲ್ಲೊಂದು ಚಿಗುರಿನ ಚಿತ್ರ. ಸತ್ತವರ ನೆನಪಿಗೆ ಬಂದವರಿಗೆಲ್ಲ ಅಂಥ ಕಾರ್ಡು ಕೊಡುವುದು ಆ ಕಡೆಯ ಪದ್ಧತಿಯಂತೆ. ಮುದುಕ ಫೋಟೋ ತೋರಿಸಿ, ತನ್ನ ಎದೆ ತೋರಿಸಿ, ಎರಡು ಬೆರಳು ಜೋಡಿಸಿ, ಆಮೇಲೆ ಒಂದು ಬೆರಳು ಮಡಚಿದ. ಉಳಿದ ಒಂದನ್ನು ನೋಡುತ್ತ ಕೂತ.

"ತಡ್ಕಾಬೇಕು ಅಜ್ಜಾರೆ," ಎಂದ ಗಂಗಾಧರಪ್ಪ ಕನ್ನಡದಲ್ಲೇ. "ಮುತ್ತೈದೆಯಾಗಿ ಹೋದ್ರು, ಪುಣ್ಯವಂತ್ರು. ಇರೋರಿಗೇ ಕಷ್ಟ." ಮುದುಕ ಎಲ್ಲ ತಿಳಿದವನಂತೆ ತಲೆಯಾಡಿಸಿ ಅತ್ತ. ಗಂಗಾಧರಪ್ಪನೂ ಅತ್ತ. ಶಿರಾಳಕೊಪ್ಪದಲ್ಲಿ ಒಬ್ಬಳು ಫೋನು ಹಿಡಿದು ಕಾಯುತ್ತಿರುವುದು ಅವನಿಗೆ ನೆನಪಿತ್ತು. ಆದರೆ ಹಿಡಿದ ಕೈ ಬಿಡಿಸಿಕೊಳ್ಳುವುದು ಹೇಗೆ?

ಅವನ ಜೇಬಿನ ಪ್ರವಾಸದ ಪಟ್ಟಿ ನೋಡಿ ಯಾರೋ ಕಾರಿನಲ್ಲಿ ತಂದು ಬಸ್ಸಿಗೆ ಬಿಟ್ಟಾಗ ಸಂಜೆಯಾಗಿತ್ತು. ಹತ್ತುವ ಮೊದಲು ಗಂಗಾಧರಪ್ಪ ಮಳೆಯಲ್ಲಿ ಬರಿದಲೆಯಲ್ಲಿ ಐದು ನಿಮಿಷ ನಿಂತ. ಮಣ್ಣಿಗೆ ಹೋದವನು ತಲೆಗೆ ನೀರು ಹಾಕಿಕೊಳ್ಳದೆ ನಾಲ್ಕು ಜನರ ನಡುವೆ ಕೂರಬಾರದು. "ಊರು ಭಾರೀ ಹಿಡಿಸಿದಂಗೈತೆ," ಎಂದ ಚನ್ನೇಶ್, ಮತ್ತು ತಾನು ಕಂಡ ದೋಣಿ, ಹಂಸ, ಗಂಟೆಗೋಪುರ, ಕುದುರೆ ಸಾರೋಟುಗಳ ವರದಿಯನ್ನು ಬ್ರಸೆಲ್ಸಿನವರೆಗೂ ಒಪ್ಪಿಸಿದ.

ಊರಿನಲ್ಲಿ ಅಕ್ಕನಾಗಮ್ಮ ಆ ದಿನ ಮದುವೆಯ ರೇಷ್ಮೆ ಸೀರೆ ಉಟ್ಟು, ಪಕ್ಕದ ಮನೆಯ ಉಚ್ಚಂಗಮ್ಮನನ್ನೂ ಕರೆದು ಕೂರಿಸಿಕೊಂಡು, ಕ್ಯಾಲೆಂಡರಿನ ಎದುರು ಫೋನು ಹಿಡಿದು ನಿಂತಿದ್ದಳು. ಬಸ್ಸಿನಿಂದ ಫೋನು ಮಾಡಿದ ಗಂಡ "ಚಾರ್ಜ್ ಖಾಲಿಯಾಗಿತ್ತು ಕಣೇ. ಸೇತುವೆ ಮೇಲೆ ನಿಂತಿದ್ದೆ. ಎಲ್ಲಾ ನೋಡ್ದೆ," ಎಂದ. ರೇಷ್ಮೆ ಸೀರೆ ಉಟ್ಟು ಕಾದವಳಿಗೆ ಸಾವಿನ ಮನೆಯ ಸುದ್ದಿ ಹೇಳುವುದು ಹೇಗೆ?

"ಹೌದಾ. ಎಲ್ಲಾ ನೋಡಿದ್ರಾ," ಎಂದು ಆಕೆ ಫೋನಿಟ್ಟಳು.

ಬಂದಮೇಲೆ ಓಣಿಗೆ ಓಣಿಯೇ ಕಾಶಿಯಿಂದ ಬಂದವನನ್ನು ನೋಡುವಂತೆ ನೋಡಲು ಬಂತು. ಉಚ್ಚಂಗಮ್ಮ ಪಡಸಾಲೆಯಲ್ಲಿ ಗಟ್ಟಿಯಾಗಿ ಕೂತು ಪ್ರಶ್ನೆ ಹಾಕಿದಳು.

"ಆ ನೀರಾಗೆ ಎಂತ ಇದ್ವು ಗಂಗಾಧರಪ್ಪಾರೆ?"

"ಹಂಸ ಇದ್ವು."

"ಕಣ್ಣಾರೆ ಕಂಡ್ರಾ?"

"ಒಂದು ನನ್ನ ಕಡೆ ಹಿಂಗೆ ಕತ್ತು ತಿರುಗ್ಸಿ ನೋಡ್ತು." ಇದು ಚನ್ನೇಶ್ ಹೇಳಿರಲಿಲ್ಲ. ಮೊದಲೇ ಹೇಳಿದ ಕಾಲು ಪಾಲಿನಲ್ಲಿ ಇದು ಸೇರುತ್ತದೆ.

ದಿನಕ್ಕೊಬ್ಬರು ಬಂದು ಕೇಳಿದರು, ದಿನಕ್ಕೊಂದು ಹಂಸ ಹೆಚ್ಚಿತು. ಕಾಫಿ ತಂದಿಡುವ ಅಕ್ಕನಾಗಮ್ಮ ಮಾತ್ರ ಏನೂ ಕೇಳಲಿಲ್ಲ. ಒಂದು ದಿನ ನೋಡಿದರೆ ಅಡುಗೆಮನೆಯಲ್ಲಿ ಕ್ಯಾಲೆಂಡರಿನ ಮೊಳೆಗೇ ಮೊರ ನೇತಾಡುತ್ತಿತ್ತು. ಚಿತ್ರ ಅದರ ಹಿಂದೆ. ಮೊರಕ್ಕೆ ಬೇರೆ ಜಾಗವಿರಲಿಲ್ಲವೇನೋ ಎಂದುಕೊಂಡ ಗಂಗಾಧರಪ್ಪ. ಹೆಂಡತಿಯ ಮನಸ್ಸು ತಿಳಿಯುವುದರಲ್ಲಿ ಅವನು ಒಂಬತ್ತು ಗಡಿಯಾರವಿದ್ದೂ ಹೊತ್ತು ಗೊತ್ತಾಗದ ಮನುಷ್ಯ. ಜೂನ್ ಮೊದಲ ವಾರ ಆಕೆ "ತೀರ್ಥ ಬರ್ತಾನೆ. ಸೊರಬಕ್ಕೆ ಹೋಗಿ ಸ್ವಲ್ಪ ದಿನ ಇದ್ದು ಬರ್ತೀನಿ," ಎಂದಾಗಲೇ ಅವನಿಗೆ ಏನೋ ತಪ್ಪಿದೆಯೆಂದು ಹೊಳೆದದ್ದು. ಬಿತ್ತನೆಯ ಹಂಗಾಮಿನಲ್ಲಿ ಆಕೆ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ತವರಿಗೆ ಹೋದವಳಲ್ಲ.

"ಎಷ್ಟು ದಿನ?"

"ನೋಡೋಣ."

ಇನ್ನು ಆ ಕಾರ್ಡಿನ ಸಂಗತಿ. ಮುದುಕ ಕೈಗೆ ಒತ್ತಿ ಕೊಟ್ಟದ್ದನ್ನು ಬಿಸಾಡುವಂತಿಲ್ಲ. ಸಾವಿನ ಮನೆಯದನ್ನು ಮನೆಗೆ ತರುವಂತಿಲ್ಲ. ಶರಣರೇನೋ ಸೂತಕವೇ ಇಲ್ಲ ಎಂದರು. ಅವರು ಉಚ್ಚಂಗಮ್ಮನ ಪಕ್ಕದ ಮನೆಯಲ್ಲಿ ಇರಲಿಲ್ಲ. ಆದ್ದರಿಂದ ಗಂಗಾಧರಪ್ಪ ಅದನ್ನು ಅಂಗಡಿಯ ಸ್ಟಾಕ್ ರಿಜಿಸ್ಟರಿನ ನಡುವೆ ಇಟ್ಟಿದ್ದ. ಗಿರಾಕಿ ಇಲ್ಲದಾಗ ತೆಗೆದು ನೋಡಿ ನಿಟ್ಟುಸಿರು ಬಿಟ್ಟು ಮುಚ್ಚಿಡುತ್ತಿದ್ದ. ಅವನ ಕಣ್ಣಿಗೆ ಬೀಳುತ್ತಿದ್ದದ್ದು ಫೋಟೋದಲ್ಲಿನ ಮುದುಕಿಯ ನಗು ಮಾತ್ರ. ಆಕೆಯ ಹಿಂದೆ ಏನಿದೆಯೆಂದು ನೋಡುವ ಅಭ್ಯಾಸ ಅವನಿಗೆ ಬ್ರೂಜಿನಲ್ಲೇ ಇರಲಿಲ್ಲ, ಶಿರಾಳಕೊಪ್ಪದಲ್ಲಿ ಎಲ್ಲಿಂದ ಬರಬೇಕು?

ತೀರ್ಥೇಶ್ ಬರುವ ದಿನ ಸಂತೆ. ಬೆಳಿಗ್ಗೆಯಿಂದ ಜಡಿಮಳೆ. ಅಂಗಡಿಯಲ್ಲಿ ಬೀಜ ಕೊಳ್ಳಲು ರೈತರ ಗುಂಪು. ಅಂಥ ಹೊತ್ತಿಗೇ ಬೀಜ ತಪಾಸಣೆಯ ಶ್ರೀನಾಥ ಸಾಹೇಬರು ರೇನ್‌ಕೋಟಿನಿಂದ ನೀರಿಳಿಸುತ್ತ ಬಂದರು. ಕರ್ತವ್ಯದಲ್ಲಿ ಬಲು ನಿಷ್ಠೆಯ ಮನುಷ್ಯ. ಊಟಕ್ಕೆ ಕೂತಾಗಲೂ ಉಪ್ಪಿನ ಪೊಟ್ಟಣದ ತಾರೀಕು ನೋಡುವವರು. ರಿಜಿಸ್ಟರು ತೆಗೆದರು. ಕಾರ್ಡು ಜಾರಿ ಮೇಜಿನ ಮೇಲೆ ಬಿತ್ತು.

ಸಾಹೇಬರು ಫೋಟೋ ನೋಡಿದರು. ತಿರುಗಿಸಿ ಚಿಗುರಿನ ಗುರುತು ನೋಡಿದರು. ಎರಡು ತಾರೀಕು ನೋಡಿದರು. ಬೀಜದ ಪೊಟ್ಟಣದ ಮೇಲೆ ಎರಡೇ ತಾರೀಕು ಇರುತ್ತವೆ, ಒಂದು ಪರೀಕ್ಷೆ ಮಾಡಿದ್ದು, ಇನ್ನೊಂದು ಅವಧಿ ಮುಗಿಯುವುದು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರು ಬೇರೆ ಜಾತಿಯ ತಾರೀಕನ್ನು ಕಂಡಿರಲಿಲ್ಲ.

"ಗಂಗಾಧರಪ್ಪನವ್ರೇ, ಯಾವ ಕಂಪನಿ ತಳಿ ಇದು? ಮಾರಿಯೆಟ್ ಅಂತ ಹೆಸರಿದೆ."

"ಸಾರ್, ಅದು ಬೆಲ್ಜಿಯಂದು ಸಾರ್."

"ಹೊರದೇಶದ್ದು! ಪರೀಕ್ಷೆ ತಾರೀಕು ಹದಿನಾಲ್ಕು, ಮೂರು, ಸಾವಿರದ ಒಂಬೈನೂರ ನಲವತ್ತೊಂದು. ಅವಧಿ ಮುಗಿದಿದ್ದು ಇಪ್ಪತ್ತೆರಡು, ನಾಲ್ಕು, ಎರಡು ಸಾವಿರದ ಇಪ್ಪತ್ನಾಲ್ಕು. ಇವತ್ತೆಷ್ಟು? ಜೂನು! ಅವಧಿ ಮುಗಿದ ಮಾಲು ಇಟ್ಕೊಂಡು ಕೂತಿದ್ದೀರಲ್ರೀ!"

ಗಂಗಾಧರಪ್ಪ ಸುತ್ತ ನೋಡಿದ. ಅಂಗಡಿ ತುಂಬ ಜನ. ನಿಜ ಹೇಳಿದರೆ ಹಂಸಗಳೆಲ್ಲ ಹಾರಿಹೋಗುತ್ತವೆ, ಮಧ್ಯಾಹ್ನ ಸೊರಬದ ದಾರಿ ಹಿಡಿಯುವ ಹೆಂಡತಿಗೆ ಸುದ್ದಿ ಮುಟ್ಟುತ್ತದೆ.

"ಅವಧಿ ಮುಗಿದಿದ್ದು ನಿಜ ಸಾರ್. ಆದ್ರೆ ಅದು ಮಾರೋದಲ್ಲ."

"ಎಷ್ಟು ತಂದಿದ್ದೀರಿ?"

"ಒಂದೂ ತಂದಿಲ್ಲ ಸಾರ್. ಅಲ್ಲೇ ಮಣ್ಣಾಗೆ ಐತೆ. ನಾನೂ ಮೂರು ಹಿಡಿ ಮಣ್ಣು ಹಾಕಿ ಬಂದೀನಿ."

"ಪ್ರಾತ್ಯಕ್ಷಿಕೆ ಬೇರೆ ಮಾಡಿ ಬಂದಿದ್ದೀರಾ!" ಸಾಹೇಬರು ಪೆನ್ನು ತೆಗೆದರು.

ಪಕ್ಕದಲ್ಲಿ ನಿಂತಿದ್ದ ತೊಗರ್ಸಿಯ ಕಲ್ಲಪ್ಪ ಬೆರಳು ಮಡಚಿ ಎಣಿಸುತ್ತಿದ್ದ. ಎಣಿಸಿ ಮುಗಿಸಿದವನ ಬಾಯಿ ಹಾಗೇ ತೆರೆದುಕೊಂಡಿತು.

"ಎಂಬತ್ಮೂರು ವರ್ಷ! ಏ ಗಂಗಾಧರಪ್ಪ, ನಮಗೆ ಕೊಡೋ ಬೀಜ ಒಂದು ಮಳೆಗಾಲಕ್ಕೆ ಬೂಸ್ಟು ಹಿಡೀತಾವೆ. ಎಂಬತ್ಮೂರು ವರ್ಷ ಕೆಡದ ಬೀಜ ತಂದು ಪುಸ್ತಕದಾಗೆ ಬಚ್ಚಿಟ್ಟೀಯೇನಪ್ಪ? ಎರಡು ಚೀಲ ನಂಗೆ ಬರ್ಕ, ಈಗ್ಲೇ ಹೇಳ್ತೀನಿ."

ಅರ್ಧ ಗಂಟೆಯಲ್ಲಿ ಸಂತೆಗೆಲ್ಲ ಗೊತ್ತಾಯಿತು. ಗೋಣಿಚೀಲ ಹೊದ್ದ ಜನ ಅಂಗಡಿಯ ಮುಂದೆ ಸಾಲು ಹಚ್ಚಿದರು. ಅಜ್ಜ ಬಿತ್ತಿದರೆ ಮೊಮ್ಮಗ ಕೊಯ್ಯುವ ತಳಿ ಎಂದು ಸಾಲಿನ ಬಾಲದಲ್ಲಿದ್ದವರು ಹೇಳುತ್ತಿ‌ದ್ದರು. ಸೊಪ್ಪು ಕೊಳ್ಳಲು ಬಂದ ಉಚ್ಚಂಗಮ್ಮನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಅದು ಇನ್ನೂ ಒಂದು ಸುತ್ತು ಬೆಳೆದಿತ್ತು. ಆಕೆ ಸೊಪ್ಪನ್ನೂ ಬಿಟ್ಟು ಮನೆಗೆ ಓಡಿದಳು. ಅಕ್ಕನಾಗಮ್ಮ ಚೀಲ ಕಟ್ಟಿಕೊಂಡು, ತಮ್ಮನ ಕಾರು ಹತ್ತುವುದರಲ್ಲಿದ್ದಳು.

"ಅಕ್ಕನಾಗಮ್ಮಾ, ನಿಮ್ಮ ಮನೆಯವ್ರು ಅಲ್ಲಿಂದ ಒಬ್ಬಾಕೀದು ಫೋಟೋ ತಂದಾರಂತೆ! ಮಾರಿಯೆಟ್ ಅಂತಂತೆ! ಲೈಸೆನ್ಸ್ ಇಲ್ದೇ ಇಟ್ಕಂಡಾರೆ ಅಂತ ಸಾಹೇಬ್ರು ಬಂದು ಹಿಡ್ಕಂಡಾರಂತೆ!"

ತೀರ್ಥೇಶ್ ಕಾರು ತಿರುಗಿಸಿದ. ಅಕ್ಕನಾಗಮ್ಮ ಅಂಗಡಿಯ ಮುಂದೆ ಇಳಿದಾಗ ಸಾಲು ತಾನಾಗಿ ಎರಡಾಗಿ ದಾರಿ ಬಿಟ್ಟಿತು. ಆಕೆ ಕೂಗಾಡಲಿಲ್ಲ. ಮೇಜಿನ ಮುಂದೆ ನಿಂತು ಕೇಳಿದಳು.

"ಯಾರು ಇವ್ರು?"

ಗಂಗಾಧರಪ್ಪ ಸಾಹೇಬರನ್ನು ನೋಡಿದ, ಕಲ್ಲಪ್ಪನನ್ನು ನೋಡಿದ, ಕಾರಿನ ಹಿಂದಿನ ಸೀಟಿನ ಮೇಲಿದ್ದ ಹೆಂಡತಿಯ ಚೀಲವನ್ನು ನೋಡಿದ. ಅದು ಎಂಟು ದಿನದ ಚೀಲವಾಗಿರಲಿಲ್ಲ. ಅವನ ಬಾಯಿಂದ ನಿಜ ಒಂದೇ ಉಸಿರಿಗೆ ಬಂತು.

"ಸತ್ತೋಗ್ಯಾರೆ ಕಣೇ. ಆವತ್ತು ನಾನು ಇವ್ರ ಮಣ್ಣಿಗೆ ಹೋಗಿದ್ದೆ. ಯಾರದ್ದೋ ಕೊಡೆ ಹಿಂದೆ ಹೋಗಿ ಸಿಕ್ಕಂಡೆ. ನಿನ್ ಫೋನ್ ಬಂದಾಗ ಕೈಯಾಗೆ ಮಣ್ಣಿತ್ತು. ಹೆಂಗೆ ಮಾತಾಡ್ಲಿ? ಮೂರು ಸಲ ನಾನೇ ಕಟ್ ಮಾಡ್ದೆ. ಚಾರ್ಜ್ ಇತ್ತು."

ತೀರ್ಥೇಶ್ ಸಾಹೇಬರ ಭುಜದ ಮೇಲಿಂದ ಇಣುಕಿ, ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ, "ಹುಟ್ಟಿದ ತಾರೀಕು, ತೀರಿಕೊಂಡ ತಾರೀಕು ಸಾರ್. ಇದು ಸ್ಮರಣೆಯ ಕಾರ್ಡು," ಎಂದ. ಶ್ರೀನಾಥ ಸಾಹೇಬರು ಕಾರ್ಡನ್ನು ಕೆಂಡದಂತೆ ಮೇಜಿಗೆ ಬಿಟ್ಟು, ಎರಡೂ ಕೈಯನ್ನು ಸೂರಿನ ನೀರಿಗೆ ಚಾಚಿದರು. ಬರೆದ ಹಾಳೆಯನ್ನು ಹರಿದು ಜೇಬಿಗಿಟ್ಟುಕೊಂಡರು. ಕಲ್ಲಪ್ಪ ಒಂದು ಹೆಜ್ಜೆ ಹಿಂದೆ ಸರಿದು, "ಎರಡು ಚೀಲ ಅಂದಿದ್ದು ವಾಪಸ್ ತಗಂಡೀನಿ ನೋಡಪ್ಪ," ಎಂದ. ಮೂವತ್ತು ಜನರ ಸಾಲು ಮೂವತ್ತು ದಿಕ್ಕಿಗೆ ಕರಗಿತು. ಉಚ್ಚಂಗಮ್ಮ ಇನ್ನು ಇಡೀ ಓಣಿಗೆ ಸ್ನಾನ ಮಾಡಿಸಬೇಕಲ್ಲ ಎಂಬ ಜವಾಬ್ದಾರಿ ಹೊತ್ತು ನಡೆದಳು.

ಕಾರ್ಡು ಮೇಜಿನ ಮೇಲೆ ಒಂದೇ ಬಿದ್ದಿತ್ತು. ಅಕ್ಕನಾಗಮ್ಮ ಅದನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದಳು.

"ಅಕ್ಕಾ, ಮುಟ್ಬೇಡ..." ಎಂದ ತೀರ್ಥೇಶ್.

"ಸುಮ್ನಿರು. ನಮ್ಮಲ್ಲಿ ಸೂತಕ ಎಲ್ಲಿದೆ." ಆಕೆ ಕಾರ್ಡನ್ನು ಬೆಳಕಿಗೆ ಹಿಡಿದಳು. ಆಮೇಲೆ ದನಿ ಸಣ್ಣದು ಮಾಡಿ, "ರೀ, ಇದು ಅದೇ ಸೇತುವೆ," ಎಂದಳು.

ಗಂಗಾಧರಪ್ಪ ಬಗ್ಗಿ ನೋಡಿದ. ಹೌದು. ಅದೇ ಕಲ್ಲಿನ ಕಮಾನು, ನೀರಿಗೆ ಬಾಗಿದ ಅದೇ ಮರ, ಅದೇ ಕೆಂಪು ಗೋಡೆ. ಇಪ್ಪತ್ತಾರು ವರ್ಷ ಯಾರೂ ಇಲ್ಲದ ಸೇತುವೆಯ ಮೇಲೆ ಒಬ್ಬ ಮುದುಕಿ ನಿಂತು ನಗುತ್ತಿದ್ದಳು.

"ನೀವು ಇದ್ರ ಮೇಲೆ ನಿಂತಿದ್ರಾ?"

"ಇಲ್ಲ. ದಾಟಿರಬೌದು. ಕೊಡೆ ನೋಡ್ಕಂತ ಹೋದೆ."

"ಹಂಸ?"

"ಚನ್ನೇಶ್ ಕಂಡಿದ್ದು."

"ಕತ್ತು ತಿರುಗ್ಸಿ ನೋಡಿದ್ದು?"

"ಅದು ಯಾರೂ ಕಂಡಿಲ್ಲ."

"ದೋಣಿ, ಗೋಪುರ?"

"ಏನೂ ನೋಡಿಲ್ಲ ಕಣೇ. ಆಣೆ ಮಾಡಿ ಹೇಳ್ತೀನಿ. ಒಂದು ಮನೆ ಸತ ನೋಡಿಲ್ಲ."

ಅಕ್ಕನಾಗಮ್ಮನ ಮುಖದಲ್ಲಿ ಏನೋ ಸಡಿಲವಾಯಿತು. ಆಕೆಯ ಕಣ್ಣು ತುಂಬಿತು, ಜೊತೆಗೇ ನಗುವೂ ಬಂತು. ಇಂಥ ದಡ್ಡತನಕ್ಕೆ ಯಾವ ಹೆಂಡತಿಯೂ ಇಷ್ಟು ಸಂತೋಷಪಟ್ಟದ್ದು ಗಂಗಾಧರಪ್ಪ ಕಂಡಿರಲಿಲ್ಲ.

"ನೀವು ನೋಡಿದ್ರೆ ನಾ ನೋಡಿದಂಗೆ ಅಂದಿದ್ನಲ್ಲ, ಅದು ಸುಳ್ಳು," ಎಂದಳು. "ನೀವು ನೋಡಿ ಬಂದ್ರಿ ಅಂದಾಗಿಂದ ಆ ಚಿತ್ರ ನೋಡಕ್ಕೇ ಆಗ್ಲಿಲ್ಲ ನಂಗೆ. ನನ್ನ ಬಿಟ್ಟು ನೋಡಿ ಮುಗಿಸ್ಬಿಟ್ರಲ್ಲ, ಇನ್ನೇನು ಉಳೀತು ಅನ್ನಿಸ್ತು. ಎದುರಿಗಿದ್ರೆ ಹೊಟ್ಟೆ ಉರೀತಿತ್ತು. ಮೊರ ನೇತಾಕಿದೆ." ಕಣ್ಣೊರೆಸಿಕೊಂಡು ತಮ್ಮನ ಕಡೆ ತಿರುಗಿದಳು. "ತೀರ್ಥ, ನೀನು ಊಟ ಮಾಡ್ಕೊಂಡು ಹೋಗು. ನಾನು ಬರಲ್ಲ. ಹಂಗಾಮು."

ಸಂಜೆ ಅಡುಗೆಮನೆಯಲ್ಲಿ ಮೊರ ಬೇರೆ ಮೊಳೆಗೆ ಹೋಯಿತು. ಆಕೆ ಚಿತ್ರದ ಧೂಳು ಒರೆಸಿ, ಅದರ ಅಂಚಿಗೆ ಕಾರ್ಡನ್ನು ಸಿಕ್ಕಿಸಿದಳು.

"ಆ ಅಜ್ಜ ನಿಮ್ಮ ಕೈ ಹಿಡ್ಕೊಂಡು ಅತ್ರಾ?"

"ಹೂಂ. ಎರಡು ಬೆರಳು ತೋರ್ಸಿ ಒಂದು ಮಡಚಿದ್ರು."

ಅಕ್ಕನಾಗಮ್ಮ ತನ್ನ ಎರಡು ಬೆರಳು ಜೋಡಿಸಿ ನೋಡಿಕೊಂಡಳು. ಮಡಚಲಿಲ್ಲ. "ಹೊತ್ತಿಗೆ ಸರಿಯಾಗಿ ಊಟ ಮಾಡ್ತಾರೋ ಇಲ್ವೋ, ಪಾಪ," ಎಂದಳು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ಇಬ್ಬರೂ ಚಿತ್ರದ ಮುಂದೆ ನಿಂತರು. ಗಂಗಾಧರಪ್ಪ ಮೊದಲ ಸಲ ಕೊಡೆಯಿಲ್ಲದೆ ಆ ಊರನ್ನು ನೋಡಿದ. ಎಡಕ್ಕೆ ನೀರಿತ್ತು, ಬಲಕ್ಕೆ ಕಿಟಕಿಗಳಿದ್ದವು. ಆಕೆ ಬೆರಳಿಟ್ಟು ತೋರಿಸಿದ ಕಡೆಯೆಲ್ಲ ನೋಡಿದ. ಎಷ್ಟು ಚಂದದ ಊರಿನ ನಡುವೆ ಬರೀ ಕೊಡೆ ನೋಡುತ್ತ ನಡೆದು ಬಂದೆನಲ್ಲ ಎಂದುಕೊಂಡ.

"ಇನ್ನೂರು ಚೀಲ ಜಾಸ್ತಿ ಮಾರ್ಬೇಕು," ಎಂದ.

"ಮಾರೋಣ. ಆದ್ರೆ ಒಂದು ಮಾತು." ಅಕ್ಕನಾಗಮ್ಮ ಅನ್ನದ ಉರಿ ಸಣ್ಣ ಮಾಡಿದಳು. "ಹೋಗುವಾಗ ಇಬ್ರಿಗೂ ಸೇರಿ ಒಂದೇ ಕೊಡೆ ತಗೊಂಡು ಹೋಗೋದು. ಆಗ ನೀವು ಯಾರ ಹಿಂದೆ ಹೋಗ್ತೀರಿ, ನಾನೂ ನೋಡ್ತೀನಿ."